ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುವ ವಸ್ತು

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಆಫೀಸಿನ ಒಳಗಿಂದ ಒಂದು ಕಿರುಚು ಕೇಳಿಸಿತು.

ಗೇಟಿನಲ್ಲಿ ಕೂತಿದ್ದ ಪಾಪಯ್ಯ ಎದ್ದು ನಿಂತ. ಹಾವು ಕಂಡ ಕಿರುಚಲ್ಲ ಇದು. ಹಾವು ಕಂಡವರು ಕಿರುಚುತ್ತಲೇ ಇರುತ್ತಾರೆ. ಇದು ಒಂದೇ ಸಲ ಹೊರಟು, ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ ನಿಂತುಹೋಯಿತು. ಏನೋ ಕಳೆದಿದೆ, ಕಳೆದದ್ದು ಹೊರಗೆ ಗೊತ್ತಾಗಬಾರದು. ಪಾಪಯ್ಯ ನಿಂತಲ್ಲೇ ಇಷ್ಟು ತೀರ್ಮಾನಿಸಿದ.

ಬಾಶೆಟ್ಟಿಹಳ್ಳಿಯ ಆ ಬಾಟಲಿ ಮುಚ್ಚಳದ ಕಾರ್ಖಾನೆಗೆ ಅವನು ಮೂವತ್ತೊಂದು ವರ್ಷದಿಂದ ಸೆಕ್ಯೂರಿಟಿ. ಅಷ್ಟು ವರ್ಷದಲ್ಲಿ ಗೇಟ್ ಪಾಸ್ ಇಲ್ಲದೆ ಒಂದು ಮುಚ್ಚಳವೂ ಆಚೆ ಹೋದದ್ದಿಲ್ಲ. ಒಮ್ಮೆ ಮ್ಯಾನೇಜರ್ ಮನೋಹರ್ ಅವರ ಹೆಂಡತಿ ತಾವೇ ತಂದಿದ್ದ ಹಲಸಿನ ಹಣ್ಣನ್ನು ವಾಪಸ್ ಒಯ್ಯುವಾಗ ಕೂಡ "ಪಾಸ್ ತಗೊಂಡ್ ಬನ್ನಿ ತಾಯಿ" ಎಂದಿದ್ದ. ಆ ಹಣ್ಣು ಗೇಟಿನಲ್ಲೇ ಒಂದು ಗಂಟೆ ಘಮಘಮಿಸಿತ್ತು. ಇವತ್ತು ಅವನ ಕೊನೆಯ ದಿನ. ಸಂಜೆ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ಇಂಥ ದಿನವೇ ಒಂದು ಕಳ್ಳತನ!

ಎಚ್‌ಆರ್ ಹುಡುಗಿ ಸಿಂಚನ ಏದುಸಿರು ಬಿಡುತ್ತ ಗೇಟಿಗೆ ಬಂದಳು.

"ಏನಾಯ್ತಮ್ಮ?"

"ಏನೂ ಇಲ್ಲ ಅಂಕಲ್."

ಏನೂ ಇಲ್ಲ ಎನ್ನುವವರ ಹತ್ತಿರವೇ ಎಲ್ಲ ಇರುತ್ತದೆ ಎಂಬುದು ಪಾಪಯ್ಯನ ಅನುಭವ.

"ಅಂಕಲ್, ಬೆಳಿಗ್ಗೆಯಿಂದ ಯಾರಾದ್ರೂ ಇಷ್ಟು ದಪ್ಪ ಡಬ್ಬ ಆಚೆ ತಗೊಂಡ್ ಹೋದ್ರಾ?" ಎಂದು ಅವಳು ಎರಡು ಕೈ ಅಗಲಿಸಿ ತೋರಿಸಿದಳು. ಒಂದು ಗೇಣು. ಬೆರಳಿಗೆ ಮಿರಮಿರ ಮಿಂಚುವ ಕೆಂಪು ಕಾಗದದ ಚೂರೊಂದು ಅಂಟಿತ್ತು.

"ಒಂಬತ್ತು ಗಂಟೆಯಿಂದ ಆಚೆ ಹೋಗಿರೋದು ಜಯಕುಮಾರ್ ಒಬ್ನೇ. ಬೈಕಲ್ಲಿ. ಬ್ಯಾಗು ಖಾಲಿ, ನಾನೇ ನೋಡಿದೀನಿ. ಡಬ್ಬದಲ್ಲಿ ಏನಿತ್ತು?"

ಸಿಂಚನ ಅವನ ಮುಖ ನೋಡಿದಳು, ಆಮೇಲೆ ಚಪ್ಪಲಿ ನೋಡಿದಳು. "ಫೈಲು ಅಂಕಲ್" ಎಂದವಳೇ ಓಡಿಹೋದಳು.

ಒಂದು ಗೇಣಿನ ಡಬ್ಬದಲ್ಲಿ, ಮಿಂಚುವ ಕಾಗದ ಸುತ್ತಿಸಿಕೊಂಡು ಕೂರುವ ಫೈಲು ಯಾವುದು? ಪಾಪಯ್ಯನಿಗೆ ಪಕ್ಕನೆ ಹೊಳೆಯಿತು. ಕಳುವಾಗಿರುವುದು ಅವನದೇ ಗಿಫ್ಟು!

*

ಹತ್ತೂಮುಕ್ಕಾಲಿಗೆ ಕ್ಯಾಂಟೀನಿನ ಮುನಿವೆಂಕಟಮ್ಮ ಕಾಫಿ ತಂದಳು. ಎಂದಿನಂತೆ ಅರ್ಧ ಲೋಟ. ಪಾಪಯ್ಯನ ಬಲಗೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇಲ್ಲ. ಹುಡುಗನಾಗಿದ್ದಾಗ ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡಿನಲ್ಲಿ ಕೆಲಸ ಕಲಿಯಲು ಹೋಗಿ ಕಳೆದುಕೊಂಡದ್ದು. ತುಂಬಿದ ಸ್ಟೀಲ್ ಲೋಟ ಅವನ ಕೈಯಲ್ಲಿ ಜಾರುತ್ತದೆ. ಅದಕ್ಕೇ ಅವಳು ಅರ್ಧರ್ಧವಾಗಿ ಎರಡು ಸಲ ಕೊಡುತ್ತಾಳೆ, ಅವನು ಟವೆಲು ಸುತ್ತಿ ಹಿಡಿದು ಕುಡಿಯುತ್ತಾನೆ. ಈ ವಿಷಯ ಅವರಿಬ್ಬರೂ ಒಂದು ದಿನವೂ ಬಾಯಿಬಿಟ್ಟು ಆಡಿದವರಲ್ಲ.

ಇವತ್ತು ಅವಳ ಮುಖ ಊದಿಕೊಂಡಿತ್ತು.

"ಅಣ್ಣ, ನಿಮ್ಮನೆ ಬಚ್ಚಲಲ್ಲಿ ಮಗ್ಗು ಇಲ್ವಾ?"

ಪಾಪಯ್ಯನಿಗೆ ಕಾಫಿ ನೆತ್ತಿಗೇರಿತು. "ಐತಲ್ಲಮ್ಮ. ಹಸಿರುದು. ಯಾಕೆ?"

"ಐತೆ ತಾನೆ? ಅಷ್ಟು ಸಾಕು." ಲೋಟ ಕಿತ್ತುಕೊಂಡು ದಡದಡನೆ ಹೊರಟುಹೋದಳು. ಎರಡನೇ ಅರ್ಧ ಲೋಟ ಬರಲೇ ಇಲ್ಲ.

ಹೆಂಗಸರಿಗೆ ಒಂದೊಂದು ದಿನ ಯಾಕೆ ಸಿಟ್ಟು ಬರುತ್ತದೆಂದು ಪತ್ತೆ ಹಚ್ಚುವುದು ಸೆಕ್ಯೂರಿಟಿಯವರ ಕೆಲಸವಲ್ಲ ಎಂದುಕೊಂಡು ಪಾಪಯ್ಯ ಅದನ್ನು ಅಲ್ಲಿಗೇ ಬಿಟ್ಟ. ಬಿಡಬಾರದಾಗಿತ್ತು.

*

ಹನ್ನೊಂದೂವರೆಗೆ ಸಂಗತಿ ಬಿಗಡಾಯಿಸಿತು. ಮನೋಹರ್ ಗೇಟಿಗೆ ಬಂದು ಕೆಂಪರಾಜ್‌ನನ್ನು ಪಕ್ಕಕ್ಕೆ ಕರೆದರು. ಪಾಪಯ್ಯನ ಜಾಗಕ್ಕೆ ಏಜೆನ್ಸಿಯಿಂದ ಬಂದ ಹೊಸ ಸೆಕ್ಯೂರಿಟಿ ಅವನು. ನಲವತ್ತೈದರ ಮೇಲಿನ ಪ್ರಾಯ, ಇವತ್ತೇ ಮೊದಲ ದಿನ. ಯೂನಿಫಾರ್ಮಿನ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

ಮನೋಹರ್ ಪಿಸುಗುಟ್ಟಿದರು. ಆದರೆ ಮೂವತ್ತು ವರ್ಷ ಮೆಷಿನ್ ಸದ್ದಿನಲ್ಲಿ ಕೂಗಾಡಿದವರ ಪಿಸುಮಾತು ಅರ್ಧ ಫರ್ಲಾಂಗು ಕೇಳಿಸುತ್ತದೆ. "ಬೆಳಿಗ್ಗೆ ಫಾರಂ ತುಂಬೋಕೆ ಅಂತ ಆ ರೂಮಿಗೆ ಹೋಗಿದ್ದು ನೀನೊಬ್ನೇ. ನಾಲ್ಕು ಗಂಟೆ ಒಳಗೆ ಡಬ್ಬ ಸಿಗ್ಬೇಕು. ಇಲ್ಲಾಂದ್ರೆ ಏಜೆನ್ಸಿಗೆ ವಾಪಸ್."

ಅವರು ಹೋದ ಮೇಲೆ ಕೆಂಪರಾಜ್ ಸ್ಟೂಲಿನ ಮೇಲೆ ಕುಸಿದ.

"ಪಾಪಣ್ಣ, ನಾನು ಯಾವ ಡಬ್ಬಾನೂ ಮುಟ್ಟಿಲ್ಲ. ಹೋದ ದೀಪಾವಳಿಗೆ ಎರಡು ಮಗ್ಗಾನೂ ಮಾರ್ಬಿಟ್ಟು ಈ ಕೆಲ್ಸಕ್ಕೆ ಬಂದಿದೀನಿ. ಮೊದಲ್ನೇ ದಿನಾನೇ ಕಳ್ಳ ಅನ್ನಿಸ್ಕೊಂಡು ಹೆಂಡ್ತಿ ಮುಂದೆ ಹೆಂಗ್ ಹೋಗಿ ನಿಲ್ಲಲಿ?"

ಪಾಪಯ್ಯ ಕೈಗಡಿಯಾರ ನೋಡಿದ. ಸಂಗತಿ ಇನ್ನು ಬರೀ ಗಿಫ್ಟಿನ ಮಾತಾಗಿ ಉಳಿಯಲಿಲ್ಲ. ನಾಲ್ಕು ಗಂಟೆಗೆ ಇನ್ನು ನಾಲ್ಕೂವರೆ ತಾಸಿತ್ತು.

*

ಹನ್ನೆರಡಕ್ಕೆ ಸೂಪರ್‌ವೈಸರ್ ಜಯಕುಮಾರ್ ಪೇಟೆಯಿಂದ ಬಂದ. ಬ್ಯಾಗು ಈಗ ಊದಿಕೊಂಡಿತ್ತು.

"ಬ್ಯಾಗ್ ತೆಗಿ."

"ಬೇಡ ಪಾಪಣ್ಣ, ಸರ್‌ಪ್ರೈಸ್ ಇದು."

"ಸರ್‌ಪ್ರೈಸ್ ಆದ್ರೇನು, ಮೊದ್ಲು ತೆಗಿ."

ಮೈಸೂರು ಪೇಟ ಬಂತು. ಶಾಲು ಬಂತು. ಹಾರ ಬಂತು. ಹ್ಯಾಂಡಲ್‌ಗೆ ನೇತುಹಾಕಿದ್ದ ಡಬ್ಬದಲ್ಲಿ ಕೇಕು. ಅದರ ಮೇಲೆ ಕೆನೆಯಲ್ಲಿ "ನಿವೃತ್ತಿಯ ಶುಭಾಶಯಗಳು ಪಪ್ಪಾಯ" ಎಂದು ಬರೆದಿತ್ತು. ಪಾಪಯ್ಯ ಅದನ್ನು ಎರಡು ಸಲ ಓದಿದ.

"ಫೋನಲ್ಲಿ ಹೆಸರು ಹೇಳಿದ್ದೆ. ಬೇಕರಿಯವ್ನಿಗೆ ಹಂಗ್ ಕೇಳಿಸಿದೆ" ಎಂದ ಜಯಕುಮಾರ್.

"ಆಗ್ಲಿ ಬಿಡು, ನಾನೇನೂ ನೋಡಿಲ್ಲ. ಗಿಫ್ಟ್ ಏನು?"

"ಮಗ್..." ಎಂದವನೇ ಜಯಕುಮಾರ್ ನಾಲಿಗೆ ಕಚ್ಚಿಕೊಂಡು ಬೈಕು ತಳ್ಳಿಕೊಂಡು ಓಡಿದ.

ಪಾಪಯ್ಯ ನಿಂತೇ ಲೆಕ್ಕ ಹಾಕಿದ. ಮಗ್... ಮಗ್ಗ! ಶೋಕೇಸಿನಲ್ಲಿಡುವ ಮರದ ಮಗ್ಗ ಇರಬೇಕು. ದೊಡ್ಡಬಳ್ಳಾಪುರದಲ್ಲಿ ಕೊಡುವುದಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಉಡುಗೊರೆ ಯಾವುದಿದೆ? ಒಂದು ಗೇಣಿನ ಡಬ್ಬ, ಅಳತೆಯೂ ಸರಿ. ಅವನ ಎರಡು ಬೆರಳು ತಿಂದದ್ದೂ ಅದೇ ಮಗ್ಗ ಎಂಬುದು ಆ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಮಗ್ಗ ಕಂಡರೆ ಆಸೆ ತಡೆಯಲಾರದವನು ಈ ಕಾಂಪೌಂಡಿನೊಳಗೆ ಒಬ್ಬನೇ, ಮಗ್ಗ ಮಾರಿ ಬಂದವನು. ಪಾಪಯ್ಯ ಕೆಂಪರಾಜ್ ಕಡೆ ತಿರುಗಿದ. ತಿರುಗುವುದಕ್ಕೇ ಅವನಿಗೆ ಬೇಜಾರಾಗಿತ್ತು.

"ಕೆಂಪರಾಜಣ್ಣ, ನಿಜ ಹೇಳು. ಪುಟಾಣಿ ಮಗ್ಗ ಕಂಡು ಆಸೆ ಆಯ್ತಾ?"

"ಮಗ್ಗಾನಾ?" ಕೆಂಪರಾಜ್ ಹಣೆ ಚಚ್ಚಿಕೊಂಡ. "ನಿಜವಾದ ಮಗ್ಗಾನೇ ಗುಜರಿಗೆ ತೂಕಕ್ಕೆ ಹಾಕಿ ಬಂದೋನು ನಾನು. ಬೊಂಬೆ ಮಗ್ಗ ಕದ್ದು ಏನ್ ಮಾಡ್ಲಿ, ಕರ್ಚೀಫು ನೇಯ್ಲಾ?"

ಪಾಪಯ್ಯನಿಗೆ ನಾಚಿಕೆಯಾಯಿತು. ಸುಳ್ಳು ಹೇಳುವವನಿಗೆ ಇಷ್ಟು ಸಿಟ್ಟು ಬರುವುದಿಲ್ಲ.

*

ಒಂದು ಗಂಟೆಗೆ ಊಟ. ಜಯಕುಮಾರ್ ಕ್ಯಾಂಟೀನಿನ ತುಂಬ ಬಲೂನು ಕಟ್ಟಿಸುತ್ತಿದ್ದ. ಪಾಪಯ್ಯನನ್ನು ಕಂಡ ಕೂಡಲೇ ಎಲ್ಲರೂ ಮಾತು ನಿಲ್ಲಿಸಿದರು. ಮುನಿವೆಂಕಟಮ್ಮ ತಟ್ಟೆಗೆ ಅನ್ನ ಬಡಿಸಿದಳು.

"ಮುದ್ದೆ ಎಲ್ಲಮ್ಮ?"

"ಇವತ್ತು ಇಲ್ಲಣ್ಣ. ಹಿಟ್ಟು ಖಾಲಿ."

ಮೂವತ್ತೊಂದು ವರ್ಷದಲ್ಲಿ ಮುದ್ದೆ ಇಲ್ಲದ ಮಧ್ಯಾಹ್ನ ಅವನು ಕಂಡಿರಲಿಲ್ಲ. ಅದೂ ಕೊನೆಯ ದಿನ! ಮುನಿವೆಂಕಟಮ್ಮ ಮೂಲೆಯ ದೊಡ್ಡ ಡಬ್ಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಬಲೂನು ಕಟ್ಟುವ ಹುಡುಗರು ಹತ್ತಿರ ಬಂದರೆ ಸೌಟು ತೋರಿಸಿ ಗದರುತ್ತಿದ್ದಳು.

ಪಾಪಯ್ಯ ಅರ್ಧಕ್ಕೇ ಕೈ ತೊಳೆದು ಗೇಟಿಗೆ ಬಂದ. ಒಳಬರುವ ಸಾಮಾನಿನ ರಿಜಿಸ್ಟರು ತೆರೆದ. ಸೋಮವಾರದ ಸಾಲಿನಲ್ಲಿ ಅವನದೇ ಅಕ್ಷರ: "ಕ್ಯಾಂಟೀನಿಗೆ ರಾಗಿ ಹಿಟ್ಟು, ಇಪ್ಪತ್ತೈದು ಕೆಜಿ." ಇವತ್ತು ಬುಧವಾರ.

ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ಯೋಚಿಸಿದ. ಆಮೇಲೆ ಒಬ್ಬನೇ ಗೊಳ್ಳೆಂದು ನಕ್ಕ. ಕೆಂಪರಾಜ್ ಗಾಬರಿಯಾಗಿ ನೀರು ತಂದುಕೊಟ್ಟ.

*

ನಾಲ್ಕಕ್ಕೆ ಕ್ಯಾಂಟೀನು ತುಂಬಿತ್ತು. ಪೇಟ ಹಾಕಿದರು, ಶಾಲು ಹೊದಿಸಿದರು. ಪಪ್ಪಾಯ ಎಂಬ ಅಕ್ಷರದ ಮೇಲೆ ಯಾರೋ ಬಾಳೆಹಣ್ಣು ಇಟ್ಟು ಮುಚ್ಚಿದ್ದರು. ಮನೋಹರ್ ಗಂಟಲು ಸರಿಮಾಡಿಕೊಂಡರು.

"ಉಡುಗೊರೆ ವಿಷಯದಲ್ಲಿ ಒಂದು ಸಣ್ಣ ತೊಂದರೆ ಆಗಿದೆ..."

ಪಾಪಯ್ಯ ಎದ್ದು ಮೈಕು ಈಸಿಕೊಂಡ.

"ತೊಂದರೆ ಏನೂ ಇಲ್ಲ ಸಾರ್. ಗಿಫ್ಟು ಈ ರೂಮಲ್ಲೇ ಐತೆ. ಸಿಂಚನಮ್ಮ, ಬೆಳಿಗ್ಗೆ ನಿನ್ ರೂಮಿಗೆ ಯಾರ್ಯಾರು ಬಂದಿದ್ರು?"

"ಕೆಂಪರಾಜ್ ಒಬ್ರೇ ಅಂಕಲ್."

"ಕಾಫಿ ಕುಡಿದ್ಯಾ?"

"ಹೂಂ, ಕುಡಿದೆ." ಎನ್ನುತ್ತಲೇ ಸಿಂಚನಳ ಬಾಯಿ ತೆರೆದುಕೊಂಡಿತು.

"ಕಾಫಿ ತಂದೋರನ್ನ ಯಾರೂ ಬಂದ್ರು ಅಂತ ಹೇಳಲ್ಲ. ಕಾಫಿ ಬಂತು ಅಂತಾರೆ, ಅಷ್ಟೇ. ನಾನೂ ಅದೇ ತಪ್ಪು ಮಾಡಿದೆ. ಡಬ್ಬ ನನ್ ಗೇಟು ದಾಟಿಲ್ಲ, ಅಂದ್ಮೇಲೆ ಒಳಗೇ ಇರ್ಬೇಕು. ಕಾಫಿ ಬುಟ್ಟೀಲಿ ಕೂತ್ಕೊಂಡು ಕ್ಯಾಂಟೀನಿಗೆ ಬಂತು. ಸೋಮವಾರ ಇಪ್ಪತ್ತೈದು ಕೆಜಿ ಹಿಟ್ಟು ಒಳಗೆ ಬಿಟ್ಟಿದ್ದು ನಾನೇ. ಬುಧವಾರಕ್ಕೆ ಖಾಲಿ ಆಗ್ಬೇಕಾದ್ರೆ ನಾವು ಮನುಷ್ಯರಲ್ಲ, ಆನೆಗಳು. ಹಿಟ್ಟಿನ ಡಬ್ಬ ತೆಗೆಯೋಕಾಗಲ್ಲ ಅಂತ ಮುದ್ದೆ ನಿಂತೋಯ್ತು."

ಪಾಪಯ್ಯ ಮೂಲೆಗೆ ಹೋಗಿ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದ. ಮೊಣಕೈವರೆಗೆ ಕೈ ಇಳಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದ ಕೆಂಪು ಪೊಟ್ಟಣ ಎತ್ತಿದ. ಹೊಸ ಶಾಲೆಲ್ಲ ಹಿಟ್ಟಾಯಿತು.

ಮುನಿವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಬಂದಳು.

"ಕದ್ದಿಲ್ಲ ಸ್ವಾಮಿ, ಬಚ್ಚಿಟ್ಟೆ. ಈ ಹುಡುಗಿ ಫೋನಲ್ಲಿ ಹೇಳ್ತಿದ್ಲು, ಪಾಪಯ್ಯಂಗೆ ಮಗ್ಗು ತಂದಿದೀವಿ, ಬೆಳಿಗ್ಗೆ ಎದ್ದ ತಕ್ಷಣ ಬೇಕಾಗೋ ವಸ್ತು, ದಿನಾ ಉಪಯೋಗಕ್ಕೆ ಬರುತ್ತೆ ಅಂತ. ಹೋದ ವರ್ಷ ರಿಟೈರಾದ ಮುನಿರಾಮಯ್ಯಂಗೆ ಗೋಡೆ ಗಡಿಯಾರ ಕೊಟ್ರಿ. ಈ ಅಣ್ಣಂಗೆ ಕಕ್ಕಸಿಗೆ ತಗೊಂಡೋಗೋ ಮಗ್ಗಾ? ಮೂವತ್ತೊಂದು ವರ್ಷ ದುಡಿಸ್ಕೊಂಡು ಕೈಗೆ ಚೊಂಬು ಕೊಡ್ತೀರಾ? ಗಿಫ್ಟು ಕಾಣ್ದಿದ್ರೆ ಓಡೋಗಿ ಗಡಿಯಾರ ತರ್ತೀರಾ ಅಂದ್ಕೊಂಡೆ. ಕೆಂಪರಾಜನ ಮೇಲೆ ಬಂತು ಅಂತ ಗೊತ್ತಾದ್ಮೇಲೆ ವಾಪಸ್ ಇಡೋಣ ಅಂದ್ರೆ ಈ ಜಯಕುಮಾರ ಬಲೂನು ಊದ್ಕೊಂಡು ಇಲ್ಲೇ ಕೂತವ್ನೆ!"

"ಅಯ್ಯೋ ಆಂಟಿ," ಸಿಂಚನ ತಲೆ ಹಿಡಿದುಕೊಂಡಳು, "ಅದು ಕಾಫಿ ಮಗ್!"

ಕ್ಯಾಂಟೀನಿನ ತಗಡು ಹಾರಿಹೋಗುವಂತೆ ನಗು ಎದ್ದಿತು. ಮುನಿವೆಂಕಟಮ್ಮನ ಮನೆಯಲ್ಲಿ, ಪಾಪಯ್ಯನ ಮನೆಯಲ್ಲಿ, ಅಲ್ಲಿದ್ದ ಮುಕ್ಕಾಲು ಜನರ ಮನೆಯಲ್ಲಿ ಕಾಫಿಗೆ ಲೋಟ, ಬಚ್ಚಲಿಗೆ ಮಗ್ಗು.

ಮನೋಹರ್ ನಗು ನಿಲ್ಲಿಸಿ ಕೆಂಪರಾಜ್ ಹತ್ತಿರ ಹೋದರು. "ತಪ್ಪಾಯ್ತಪ್ಪ. ನಾಳೆಯಿಂದ ಗೇಟು ನಿಂದೇ" ಎಂದು ಕೈ ಹಿಡಿದುಕೊಂಡರು.

ಪಾಪಯ್ಯ ಪೊಟ್ಟಣ ಬಿಚ್ಚಿದ. ದಪ್ಪ ಬಿಳಿ ಮಗ್. ಮೇಲೆ ಫೋಟೊ ಇಲ್ಲ, ಬರಹ ಇಲ್ಲ. ಅಗಲ ತಳ, ದೊಡ್ಡ ಹಿಡಿ.

"ಫೋಟೊ ಹಾಕಿಸೋಣ ಅಂದ್ರು, ನಾನೇ ಬೇಡ ಅಂದೆ" ಎಂದಳು ಸಿಂಚನ. ಅವಳ ದನಿ ಸಣ್ಣಗಾಗಿತ್ತು. "ನೀವು ಟವೆಲ್ ಸುತ್ಕೊಂಡು ಕುಡಿಯೋದು ನನ್ನ ಕಿಟಕೀಲಿ ದಿನಾ ಕಾಣುತ್ತೆ ಅಂಕಲ್. ಮೂರು ಅಂಗಡಿ ಸುತ್ತಿದೆ. ಎರಡು ಬೆರಳು ಮಡಚ್ಕೊಂಡು ಒಂದೊಂದೇ ಹಿಡಿದು ನೋಡಿದೆ. ಅಂಗಡಿಯವ್ನು ಹುಚ್ಚಿ ಅಂದ್ಕೊಂಡ."

ಪಾಪಯ್ಯ ಹಿಡಿಯೊಳಗೆ ಬೆರಳು ತೂರಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕಣ್ಣು ತುಂಬಿ ಬಂತು. ಮುನಿವೆಂಕಟಮ್ಮ ಮಗ್ ಕಸಿದುಕೊಂಡು ಮೂರು ಸಲ ತೊಳೆದು, ಅಂಚಿನವರೆಗೆ ಕಾಫಿ ಸುರಿದು ತಂದಳು. ಅವನು ಟವೆಲಿಲ್ಲದೆ ಎತ್ತಿ, ಪೂರ್ತಿ ಕುಡಿದು ಕೆಳಗಿಟ್ಟ. ಒಂದು ತೊಟ್ಟೂ ಚೆಲ್ಲಲಿಲ್ಲ.

*

ಐದೂವರೆಗೆ ಪಾಪಯ್ಯ ಪೇಟ, ಶಾಲು, ಮಗ್ ಸಮೇತ ಗೇಟಿಗೆ ಬಂದ. ಆಚೆ ಶಿಫ್ಟ್ ಬಸ್ಸು ಹಾರನ್ ಹೊಡೆಯುತ್ತಿತ್ತು.

ಕೆಂಪರಾಜ್ ಅಡ್ಡ ನಿಂತ. ಅವನ ಕಣ್ಣಲ್ಲಿ ನೀರಿತ್ತು, ಆದರೆ ಕೈ ಮಾತ್ರ ಚಾಚಿಯೇ ಇತ್ತು.

"ಪಾಪಣ್ಣ, ಗೇಟ್ ಪಾಸ್?"

ಪಾಪಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇಡೀ ದಿನದ ಸನ್ಮಾನದಲ್ಲಿ ಆಗದಷ್ಟು ಸಂತೋಷ ಅವನಿಗೆ ಆಗ ಆಯಿತು. ಬಸ್ಸಿಗೆ "ನೀನ್ ಹೊರಡಪ್ಪಾ" ಎಂದು ಕೈ ಬೀಸಿ, ಪಾಸ್ ಬರೆಸಲು ಆಫೀಸಿನ ಕಡೆ ವಾಪಸ್ ನಡೆದ.

ಸಿಂಚನ ಬರೆದುಕೊಟ್ಟಳು: "ಮಗ್, ಒಂದು." ಅವನು ಚೀಟಿ ನೋಡಿ ತಲೆ ಅಲ್ಲಾಡಿಸಿ, ಅವಳ ಪೆನ್ನು ಈಸಿಕೊಂಡು, ಮುಂದೆ ತಾನೇ ಸೇರಿಸಿದ: "ಕಾಫಿದು."