ಆನೆ ಮಾರ್ಕು, ಗಿಳಿ ಮಾರ್ಕು

"ಮೊದಲು ಯಾರದ್ದು?" ಎಂದು ಕೇಳಿದಳು ಖದೀಜ.

"ನಿನ್ನದೇ ಆಗ್ಲಿ. ಆಮೇಲೆ ಅಳ್ಲಿಕ್ಕಿಲ್ಲ, ಆಯ್ತಾ?" ಎಂದಳು ನೀಲಾವತಿ.

ಶಾಲೆಯ ಬಾವಿಯ ಸುತ್ತ ಐದನೆಯ ಕ್ಲಾಸಿಗೆ ಐದನೆಯ ಕ್ಲಾಸೇ ನೆರೆದಿತ್ತು. ರಾಟೆಯ ಕಬ್ಬಿಣದ ಕಂಬದ ಬುಡದಲ್ಲಿ ನಾಲ್ಕು ನಟ್ಟುಗಳಿದ್ದವು. ಅವುಗಳಲ್ಲಿ ಒಂದು ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಆ ನಟ್ಟನ್ನು ಯಾರ ಸ್ಪಾನರು ತಿರುಗಿಸುತ್ತದೋ ಅವರು ಗೆದ್ದಂತೆ. ಹೀಗೆಂದು ಇಬ್ಬರೂ ಪಂಥ ಕಟ್ಟಿದ್ದರು.

ಪಂಥಕ್ಕೆ ಕಾರಣ ಇಷ್ಟೇ. ಖದೀಜಳ ಬಾಪ ಮೋನಾಕನಿಗೆ ಮೂಡಬಿದ್ರೆ ಪೇಟೆಯಲ್ಲಿ ಮೊಳೆ, ಬೀಗ, ಸರಪಳಿ ಮಾರುವ ಅಂಗಡಿ. ಅಲ್ಲಿಗೆ ಹೊಸದಾಗಿ ಗಿಳಿ ಮಾರ್ಕಿನ ಸ್ಪಾನರುಗಳು ಬಂದಿದ್ದವು. ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು, ಬೆಲೆಯೂ ಕಡಿಮೆ. ನೀಲಾವತಿಯ ಅಪ್ಪ ಧರ್ಣಪ್ಪ ಬಸ್ಸಿನ ಶೆಡ್ಡಿನಲ್ಲಿ ಮೆಕ್ಯಾನಿಕ್. ಅವರಲ್ಲಿದ್ದದ್ದು ಆನೆ ಮಾರ್ಕು. ಕೆಲಸ ಕಲಿಸಿದ ಮಂಗಳೂರಿನ ಗುರುಗಳು ಕೊಟ್ಟದ್ದು, ಹಡಗಿನಲ್ಲಿ ಬಂದದ್ದು, ಎಣ್ಣೆ ಕುಡಿದು ಕುಡಿದು ಕಪ್ಪಾದದ್ದು. ಒಂದು ಆನೆಯ ಬೆಲೆಗೆ ಹತ್ತು ಗಿಳಿ ಬರುತ್ತಿತ್ತು. ಹಾಗಾದರೆ ಯಾವುದು ಒಳ್ಳೆಯದು? ಹುಡುಗಿಯರು ಮೂರು ದಿನ ವಾದಿಸಿದರು. ಕೊನೆಗೆ ಇಬ್ಬರೂ ಮನೆಯಲ್ಲಿ ಹೇಳದೆ ಒಂದೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಎರಡೂ ಹತ್ತೊಂಬತ್ತು ನಂಬರಿನವೇ.

ಖದೀಜ ಗಿಳಿಯನ್ನು ನಟ್ಟಿಗೆ ಸಿಕ್ಕಿಸಿ ಎರಡೂ ಕೈಯಿಂದ ಜಗ್ಗಿದಳು. ನಟ್ಟು ಕದಲಲಿಲ್ಲ. ಉಸಿರು ಕಟ್ಟಿ, ಕಾಲು ಒತ್ತಿ ಇನ್ನೊಮ್ಮೆ ಜಗ್ಗಿದಳು. ಕಟಕ್! ಸ್ಪಾನರು ಜಾರಿತು, ಖದೀಜ ಕೆಸರಿನಲ್ಲಿ ಕುಳಿತಳು. ನೋಡಿದರೆ ಸ್ಪಾನರಿನ ಬಾಯಿ ಅಗಲವಾಗಿ ತೆರೆದುಕೊಂಡಿತ್ತು.

ಈಗ ನೀಲಾವತಿಯ ಸರದಿ. ಅವಳು ಆನೆಯನ್ನು ಸಿಕ್ಕಿಸಿ ಮೈಭಾರ ಹಾಕಿ ಜಗ್ಗಿದಳು. ಕಿರ್ರ್ ಎಂದು ನಟ್ಟು ಒಂದು ಸುತ್ತು ತಿರುಗಿತು.

"ಆನೆ ಗೆದ್ದಿತು!" ಎಂದು ಕುಣಿದ ಅವಳು ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಖದೀಜಳ ಕೈಯಿಂದ ಗಿಳಿಯನ್ನು ಕಸಿದು ಎಲ್ಲರಿಗೂ ಎತ್ತಿ ತೋರಿಸಿದಳು. "ನೋಡಿ, ನೋಡಿ, ಗಿಳಿ ಆಕಳಿಸ್ತಾ ಉಂಟು! ಮೋನಾಕನ ಅಂಗಡಿಯಲ್ಲಿ ಎಲ್ಲವೂ ಹೀಗೆಯೇ!"

ಕ್ಲಾಸು ಗೊಳ್ಳೆಂದು ನಕ್ಕಿತು. ನೀಲಾವತಿ ಸ್ಪಾನರನ್ನು ಖದೀಜಳ ಕೈಗೆ ತುರುಕಿದಳು.

"ಕಬ್ಬಿಣವನ್ನು ಹಾಗೆ ಕೈಯಿಂದ ಕೈಗೆ ಕೊಡ್ಬಾರ್ದು ಮಕ್ಕಳೇ," ಎಂದರು ನೀರು ಸೇದಲು ಬಂದ ಸೇಸಮ್ಮ. "ಕೆಳಗೆ ಇಡ್ಬೇಕು, ಇನ್ನೊಬ್ಬರು ಎತ್ತಿಕೊಳ್ಬೇಕು. ಇಲ್ಲದಿದ್ರೆ ಜಗಳ ಆಗ್ತದೆ."

ಇನ್ನು ಆಗುವುದೇನು, ಆಗಿಯೇ ಹೋಗಿತ್ತು. ಮಧ್ಯಾಹ್ನದ ಮೇಲೆ ಖದೀಜ ಹಿಂದಿನ ಸಾಲಿನಲ್ಲಿ ಕುಳಿತಳು. ಒಂದನೆಯ ಕ್ಲಾಸಿನಿಂದಲೂ ಅವರಿಬ್ಬರದು ಒಂದೇ ಮಣೆ. ನೀಲಾವತಿಯ ಪಕ್ಕ ಒಬ್ಬರು ಕುಳಿತುಕೊಳ್ಳುವಷ್ಟು ಜಾಗ ಖಾಲಿ ಉಳಿಯಿತು. ಗೆದ್ದ ಖುಷಿ ಅದು ಹೇಗೋ ಗಂಟೆ ಬಾರಿಸುವುದರೊಳಗೆ ಕರಗಿಹೋಯಿತು.

ಶಾಲೆ ಬಿಟ್ಟ ಕೂಡಲೇ ಅವಳು ಶೆಡ್ಡಿಗೆ ಓಡಿದಳು. ಅಪ್ಪ ನೋಡುವ ಮೊದಲೇ ಆನೆಯನ್ನು ಅದರ ಜಾಗದಲ್ಲಿ ಇಟ್ಟುಬಿಡಬೇಕಿತ್ತು. ಶೆಡ್ಡಿನ ಹಲಗೆಯ ಮೇಲೆ ಪ್ರತಿಯೊಂದು ಸ್ಪಾನರಿನ ಆಕಾರವನ್ನೂ ಬಿಳಿ ಬಣ್ಣದಲ್ಲಿ ಬರೆದಿತ್ತು. ಯಾವುದು ಇಲ್ಲವೋ ಅದರ ಚಿತ್ರ ಮಾತ್ರ ಕಾಣುತ್ತಿತ್ತು. ಹಾಗಾಗಿ ಅಲ್ಲಿ ಕಳ್ಳತನ ಅಡಗುವಂತೆಯೇ ಇರಲಿಲ್ಲ.

"ಏನು ಮಗಾ," ಅಪ್ಪ ಬಸ್ಸಿನ ಬಾನೆಟ್ಟಿನ ಒಳಗಿಂದಲೇ ಕೇಳಿದರು, "ನಮ್ಮ ಆನೆ ಇವತ್ತು ಶಾಲೆಗೆ ಹೋಗಿತ್ತಾ? ಮಗ್ಗಿ ಕಲಿತಿತಾ?"

ನೀಲಾವತಿ ತಲೆ ತಗ್ಗಿಸಿ ಸ್ಪಾನರನ್ನು ಪೆಟ್ಟಿಗೆಯ ಮೇಲಿಟ್ಟಳು. ಬೈಯಲು ಅಪ್ಪನಿಗೆ ಪುರುಸೊತ್ತು ಇರಲಿಲ್ಲ. ಐದು ಗಂಟೆಗೆ ವೇಣೂರಿಗೆ ಹೋಗಬೇಕಾದ ಬಸ್ಸು ಅದು. ಡೈನಮೋ ಸಡಿಲಾಗಿ ಬೆಲ್ಟು ಜಾರುತ್ತಿತ್ತು. ಹೊರಗೆ ಜನ ಗಂಟುಮೂಟೆಗಳ ಮೇಲೆ ಕುಳಿತು ಕಾಯುತ್ತಿದ್ದರು.

ಅಪ್ಪ ಆನೆಯನ್ನು ತೆಗೆದುಕೊಂಡು ಬಗ್ಗಿದರು. ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. "ಆಗುದಿಲ್ಲ. ನಟ್ಟು ಡೈನಮೋದ ಹಿಂದೆ ಕೂತಿದೆ. ನೆಟ್ಟಗಿನ ಸ್ಪಾನರು ಹೋಗ್ಲಿಕ್ಕೇ ಜಾಗ ಇಲ್ಲ. ಕುತ್ತಿಗೆ ಬಗ್ಗಿದ್ದು ಬೇಕು."

"ಹಾಗಾದ್ರೆ ಇದರ ಕುತ್ತಿಗೆಯನ್ನೇ ಬಗ್ಗಿಸು ಮಾರಾಯ," ಎಂದ ಡ್ರೈವರ್ ಡೊಂಬಯ್ಯ. "ಜನ ನನ್ನನ್ನು ತಿಂದುಹಾಕ್ತಾರೆ."

"ಬೆಂಕಿಗೆ ಇಟ್ರೆ ಇದರ ಹದ ಹೋಗ್ತದೆ ಡೊಂಬಯ್ಯಣ್ಣ. ಆಮೇಲೆ ಇದು ಆನೆ ಅಲ್ಲ, ಬರೀ ಕಬ್ಬಿಣ," ಎಂದರು ಅಪ್ಪ. ಆದರೂ ಹೊರಗಿನ ಜನರನ್ನು ಒಮ್ಮೆ ನೋಡಿ ಬೆಂಕಿ ಉಗುಳುವ ಬ್ಲೋ ಲ್ಯಾಂಪನ್ನು ಕೈಗೆತ್ತಿಕೊಂಡರು. ಅಪ್ಪನ ಮುಖ ಅಷ್ಟು ಸಣ್ಣದಾದದ್ದನ್ನು ನೀಲಾವತಿ ಯಾವತ್ತೂ ನೋಡಿರಲಿಲ್ಲ.

"ಅಪ್ಪ, ಹತ್ತು ನಿಮಿಷ! ಅದನ್ನು ಬಗ್ಗಿಸ್ಬೇಡಿ!" ಎಂದವಳೇ ಓಡಿದಳು.

ಮೋನಾಕನ ಅಂಗಡಿಯ ಮೂಲೆಯಲ್ಲಿ ಖದೀಜ ಮೊಳೆಗಳನ್ನು ಬೇರ್ಪಡಿಸುತ್ತಿದ್ದಳು. ನೀಲಾವತಿಯನ್ನು ಕಂಡು ಮುಖ ತಿರುಗಿಸಿದಳು.

"ನಿನ್ನ ಗಿಳಿ ಬೇಕಿತ್ತು," ಎಂದಳು ನೀಲಾವತಿ ಏದುಸಿರು ಬಿಡುತ್ತಾ.

"ಯಾಕೆ? ಇನ್ನೂ ನಗ್ಲಿಕ್ಕೆ ಬಾಕಿ ಉಂಟಾ?"

"ಇಲ್ಲ ಮಾರಾಯ್ತಿ. ವೇಣೂರಿನ ಬಸ್ಸು ನಿಂತುಬಿಟ್ಟಿದೆ, ಅಪ್ಪನ ಆನೆಯಿಂದ ಆಗದ ಕೆಲಸ ಒಂದು ಉಂಟು. ಕುತ್ತಿಗೆ ಬಗ್ಗಿಸಿದ್ರೆ ಗಿಳಿಯಿಂದ ಆದೀತು." ಹೇಳಿ ಮುಗಿಸುವಾಗ ಅವಳ ಕಿವಿ ಬಿಸಿಯಾಯಿತು. "ನಾನು ಹಾಗೆ ಹೇಳಬಾರದಿತ್ತು. ಅಂಗಡಿಯ ಸುದ್ದಿ."

"ಯಾವ ಗಿಳಿ? ಎಂಥ ಸುದ್ದಿ?" ತಕ್ಕಡಿಯ ಹಿಂದಿನಿಂದ ಮೋನಾಕ ಕೇಳಿದರು.

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಖದೀಜ ಮೊಳೆಯ ಗೋಣಿಯ ಅಡಿಯಿಂದ ಬಾಯಿ ತೆರೆದ ಸ್ಪಾನರನ್ನು ತೆಗೆದಳು. ಕಣ್ಣೀರು ಕೆನ್ನೆಗೆ ಇಳಿಯಿತು. "ಬಾಪಾ, ನಮ್ಮದು ಹಾಳು ಸ್ಪಾನರಂತೆ. ಎಲ್ಲರೂ ನಕ್ಕರು."

ಮೋನಾಕ ಅದನ್ನು ತಿರುಗಿಸಿ ನೋಡಿದರು. "ತುಕ್ಕು ಹಿಡಿದ ನಟ್ಟಿಗೆ ಹಾಕಿದ್ರಾ? ಅಯ್ಯೋ! ಇದು ಸೈಕಲಿನವರಿಗೆ, ಪಂಪಿನವರಿಗೆ. ವರ್ಷಕ್ಕೆ ನಾಲ್ಕು ಸಲ ತಿರುಗಿಸುವವರಿಗೆ ಇದು ಸಾಕು. ಎಲ್ಲರಿಗೂ ಆನೆ ಸಾಕ್ಲಿಕ್ಕೆ ಆಗ್ತದಾ ಮಗಳೇ?" ಎಂದು ನಕ್ಕುಬಿಟ್ಟರು. "ಹೇಳದೆ ಕೊಂಡೋದದ್ದಕ್ಕೆ ಆಮೇಲೆ ವಿಚಾರಿಸ್ತೇನೆ. ಈಗ ಹೋಗಿ, ಬಸ್ಸು ಹೊರಡ್ಬೇಕಲ್ಲ."

ನೀಲಾವತಿ ಕೈ ಚಾಚಿದಳು. ಖದೀಜ ಸ್ಪಾನರನ್ನು ಅವಳ ಕೈಗೆ ಕೊಡಲಿಲ್ಲ. ಅಂಗಡಿಯ ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು.

"ತೆಗೆದುಕೋ," ಎಂದಳು. "ನಾನೂ ಬರ್ತೇನೆ."

ಇಬ್ಬರೂ ಓಡಿದರು. ಧರ್ಣಪ್ಪ ಗಿಳಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರು. ಸುತ್ತಿಗೆಯ ನಾಲ್ಕು ಏಟಿಗೆ ತೆರೆದ ಬಾಯಿ ಮುಚ್ಚಿತು. ಇನ್ನು ನಾಲ್ಕು ಏಟಿಗೆ ಕುತ್ತಿಗೆ ಬಗ್ಗಿತು. ನೀರಿನಲ್ಲಿ ಚೊಂಯ್ ಎನ್ನಿಸಿ, ಅರದಿಂದ ಸ್ವಲ್ಪ ಉಜ್ಜಿ, ಬಾನೆಟ್ಟಿನೊಳಗೆ ಕೈ ಹಾಕಿದರು. ಹುಡುಗಿಯರು ಉಸಿರು ಬಿಗಿಹಿಡಿದು ನಿಂತರು.

"ಹೋಯ್ತು!" ಎಂದರು ಅಪ್ಪ ಒಳಗಿನಿಂದ. "ಬೆಣ್ಣೆಯ ಹಾಗೆ ಹೋಯ್ತು!"

ಐದೂಕಾಲಿಗೆ ಬಸ್ಸು ಹಾರ್ನು ಹೊಡೆಯುತ್ತಾ ಹೊರಟಿತು. ಡೊಂಬಯ್ಯ ಕಿಟಕಿಯಿಂದ ಕೈ ಬೀಸಿದ. ಅಪ್ಪ ಬ್ರಷ್ಷು ತೆಗೆದು, ಹಲಗೆಯ ಮೇಲೆ ಆನೆಯ ಪಕ್ಕದಲ್ಲೇ ಒಂದು ಡೊಂಕು ಕುತ್ತಿಗೆಯ ಚಿತ್ರ ಬರೆದರು.

"ಖದೀಜ, ಇದು ಇನ್ನು ಇಲ್ಲಿಯೇ ಇರಲಿ. ಬಾಪನಿಗೆ ಹೇಳು, ನಾಳೆ ನಾನೇ ಅಂಗಡಿಗೆ ಬರ್ತೇನೆ. ಇಂಥದ್ದು ಇನ್ನೂ ಎರಡು ಬೇಕು."

ಖದೀಜಳ ಮುಖ ಹೊಸ ಸ್ಪಾನರಿನಂತೆ ಹೊಳೆಯಿತು. ನೀಲಾವತಿ ಮಾತ್ರ ಏನನ್ನೋ ನೆನೆಸಿಕೊಂಡು ಹಣೆ ಚಚ್ಚಿಕೊಂಡಳು.

"ಅಪ್ಪ, ನಾಳೆ ಒಂದು ದಿನ ಆನೆಯನ್ನು ಶಾಲೆಗೆ ಕೊಂಡೋಗ್ಲಾ? ಈ ಸಲ ಕೇಳಿಯೇ ಕೊಂಡೋಗುದು. ಬಾವಿಯ ನಟ್ಟು ಬಿಗಿ ಮಾಡ್ಲಿಕ್ಕುಂಟು."

ಮರುದಿನ ಬೆಳಿಗ್ಗೆ ಸೇಸಮ್ಮ ಬಾವಿಯ ಬಳಿ ಗೊಣಗುತ್ತಿದ್ದರು. ಕೊಡ ಎಳೆದಾಗಲೆಲ್ಲ ಕಂಬ ಅಲುಗಾಡುತ್ತಿತ್ತು. ಕ್ಲಾಸಿನವರೆಲ್ಲ ಮತ್ತೆ ಸುತ್ತ ನೆರೆದರು.

ನೀಲಾವತಿ ಚೀಲದಿಂದ ಆನೆಯನ್ನು ತೆಗೆದಳು. ಖದೀಜಳ ಕಡೆ ಚಾಚಿದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಬಾವಿಕಟ್ಟೆಯ ಮೇಲೆ ಸ್ಪಾನರನ್ನು ಜೋಪಾನವಾಗಿ ಇಟ್ಟಳು.

"ನೀನೇ ತಿರುಗಿಸು," ಎಂದಳು.

ಖದೀಜ ಅದನ್ನು ಎರಡೂ ಕೈಯಿಂದ ಎತ್ತಿಕೊಂಡಳು. "ಅಬ್ಬಾ, ಎಷ್ಟು ಭಾರ ಉಂಟು!"

"ಹಾಗಾದ್ರೆ ಗೆದ್ದದ್ದು ಯಾರು?" ಎಂದು ಹಿಂದಿನಿಂದ ಯಾರೋ ಕೇಳಿದರು.

ನೀಲಾವತಿಗೆ ಉತ್ತರ ಕೊಡಲು ಪುರುಸೊತ್ತು ಇರಲಿಲ್ಲ. ಖದೀಜ ನಟ್ಟು ಬಿಗಿಯುವಾಗ ಅಲುಗಾಡದಂತೆ, ಅವಳು ಕಂಬವನ್ನು ತಬ್ಬಿ ಹಿಡಿದುಕೊಂಡಿದ್ದಳು.