ಓವನ್ನಿನ ಹಿಂದಿನ ನಟ್ಟು

ಬುಧವಾರ ಬೆಳಿಗ್ಗೆ ಎಂಟೂವರೆಗೆ ಬೇಕರಿ ಮಾಲೀಕನ ತಮ್ಮ ಠಾಣೆಗೆ ಬಂದು ದೂರು ಕೊಟ್ಟ. ಓವನ್ ಹಚ್ಚಲು ಹೋದ ಅಣ್ಣನ ಮೇಲೆ ಭಗ್ಗನೆ ಬೆಂಕಿ ಎರಗಿತ್ತು. ಮೈಯೆಲ್ಲ ಸುಟ್ಟು ಆಸ್ಪತ್ರೆಯಲ್ಲಿದ್ದ.

"ಎಲ್ಲಾ ಆ ಹೊಸ ಗ್ಯಾಸಿನ ಕರಾಮತ್ತು ಸರ್. ಸೋಮವಾರ ಪೈಪ್ ಗ್ಯಾಸಿಗೆ ಹೈಡ್ರೋಜನ್ ಬೆರೆಸಿ ಬಿಟ್ಟಾಗಿಂದ ಉರೀನೇ ಮಂಕಾಗಿತ್ತು. ಆ ಗ್ಯಾಸ್ ಕಂಪನಿ ಇಂಜಿನಿಯರಮ್ಮನ್ನ ಒಳಗೆ ಹಾಕಿ."

ಹೈಡ್ರೋಜನ್ ಬೆರೆಸಿದರೆ ಗಾಳಿ ಕೆಡುವುದು ಕಡಿಮೆ ಎಂದು ಗ್ಯಾಸ್ ಕಂಪನಿ ಊರೆಲ್ಲ ಸಾರಿತ್ತು. ಜನ ಮೊದಲೇ ಹೆದರಿದ್ದರು. ಸುದ್ದಿ ಹಬ್ಬಿದ್ದೇ ತಡ, ಕಂಪನಿ ಕಚೇರಿಯ ಗಾಜು ಪುಡಿಪುಡಿಯಾಯಿತು. ನಿರ್ಲಕ್ಷ್ಯದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಸಂಜೆಯೊಳಗೆ ಇಂಜಿನಿಯರನ್ನು ಬಂಧಿಸಿ ಎಂದು ಮೇಲಿನಿಂದ ಫೋನು. ಇನ್ಸ್‌ಪೆಕ್ಟರಿಗೆ ಮೇಲಿನ ಫೋನೆಂದರೆ ಅಷ್ಟಕ್ಕಷ್ಟೇ. "ನೋಡ್ತೀನಿ ಸರ್" ಎಂದವರು ನೋಡಲು ಬೇಕರಿಗೇ ಹೋದರು.

ಪಂಚನಾಮೆ ಶುರುವಾಯಿತು. ನಾದಿದ ಹಿಟ್ಟು ತೊಟ್ಟಿಯಲ್ಲೇ ಉಬ್ಬಿ ಹೊರಗೆ ಇಳಿಯುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಟಾರ್ಚ್ ಹಿಡಿದು ಓವನ್ನಿನ ಹಿಂದೆ ತೂರಿದ. ಗ್ಯಾಸ್ ಕೊಳವೆಯ ನಟ್ಟು ಸಡಿಲವಾಗಿತ್ತು. ಮಸಿ ಒರೆಸಿದರೆ ಹಿತ್ತಾಳೆಯ ಮೇಲೆ ಹೊಸ ಗೀರುಗಳು.

"ಸ್ಪ್ಯಾನರ್ ಕಚ್ಚಿದ್ದು ಸರ್. ಗ್ಯಾಸಿಗೆ ಹಲ್ಲಿರಲ್ಲ."

ಅಲ್ಲಿಂದ ಕಂಪನಿಗೆ. ಇಂಜಿನಿಯರ್ ತನ್ನ ಕಚೇರಿಯ ಗಾಜನ್ನು ತಾನೇ ಗುಡಿಸುತ್ತಿದ್ದಳು. ಹಣೆಗೆ ಕಲ್ಲು ತಾಗಿತ್ತು.

"ಸೋಮವಾರ ಎಷ್ಟು ಹೈಡ್ರೋಜನ್ ಬಿಟ್ರಿ?"

"ಬಿಡಲೇ ಇಲ್ಲ ಸರ್. ಬೆರೆಸೋ ಯಂತ್ರ ಭಾನುವಾರಾನೇ ಕೆಟ್ಟೋಯ್ತು. ನಗೆಪಾಟಲಾಗುತ್ತೆ ಅಂತ ಮೇಲಿನೋರು ಬಾಯಿ ಮುಚ್ಚಿಸಿದ್ರು. ಬೆಳಿಗ್ಗೆಯಿಂದ ಹೇಳ್ತಿದ್ದೀನಿ, ಕೇಳೋರು ಯಾರು?"

ಬಿಚ್ಚಿಟ್ಟ ಯಂತ್ರವನ್ನು ತೋರಿಸಿದಳು.

ಮಧ್ಯಾಹ್ನ ಅಣ್ಣ ಸತ್ತ. ಸಾಯುವ ಮುಂಚೆ ಮ್ಯಾಜಿಸ್ಟ್ರೇಟರು ಹೇಳಿಕೆ ಬರೆದುಕೊಂಡಿದ್ದರು. ಮೂರು ಗಂಟೆಗೆ ಇನ್ಸ್‌ಪೆಕ್ಟರ್ ತಮ್ಮನನ್ನು ಠಾಣೆಗೆ ಕರೆಸಿದರು.

"ಬಾರದೇ ಇರೋ ಗ್ಯಾಸಿಗೆ ಉರಿ ಹೆಂಗಯ್ಯಾ ಮಂಕಾಯ್ತು?"

"ನನಗೆ ಹಾಗನ್ನಿಸ್ತು ಸರ್."

"ನಟ್ಟು ಬಿಚ್ಚಿದ್ದು ಯಾರು?"

"ಗೊತ್ತಿಲ್ಲ."

ಎಷ್ಟು ಕೇಳಿದರೂ ಅದೇ ರಾಗ, ಅದೇ ಹಾಡು. ಇಷ್ಟೇ ಆಧಾರದ ಮೇಲೆ ಇವನನ್ನು ಹಿಡಿದರೆ ನಾಳೆ ವಕೀಲ ಬಿಡಿಸಿಕೊಂಡು ಹೋಗುತ್ತಾನೆ, ಆ ಹೆಣ್ಣುಮಗಳು ಕಂಬಿ ಎಣಿಸಬೇಕಾಗುತ್ತದೆ. ಇನ್ಸ್‌ಪೆಕ್ಟರ್ ಅಣ್ಣನ ಹೇಳಿಕೆ ಕೈಗೆತ್ತಿಕೊಂಡರು.

"ನೀನು ಪುಣ್ಯವಂತ ಕಣಯ್ಯಾ. ತಮ್ಮನ ಮೇಲೆ ಅನುಮಾನ ಇದೆಯಾ ಅಂತ ಕೇಳಿದ್ದಕ್ಕೆ ನಿಮ್ಮಣ್ಣ ಏನಂದಿದ್ದಾನೆ ಗೊತ್ತಾ? 'ಅವನಾ? ಆ ದಂಡಪಿಂಡಕ್ಕೆ ಒಂದು ನಟ್ಟು ಬಿಚ್ಚೋಕೂ ಬರಲ್ಲ.'"

ಹೆಡ್ ಕಾನ್‌ಸ್ಟೆಬಲ್ ಕಿಸಕ್ಕನೆ ನಕ್ಕ.

ತಮ್ಮ ಕುರ್ಚಿ ಬೀಳುವಂತೆ ಎದ್ದ. "ಬಿಚ್ಚಿದ್ದು ನಾನೇ! ಹಿಟ್ಟಿನ ಧೂಳಿಗೆ ಅವನ ಮೂಗು ಸತ್ತಿತ್ತು, ವಾಸನೆ ಹತ್ತಲ್ಲ ಅಂತಾನೂ ಗೊತ್ತಿತ್ತು. ಸ್ಪ್ಯಾನರ್ ಮೈದಾ ಮೂಟೇಲಿದೆ. ಬನ್ನಿ, ತೋರಿಸ್ತೀನಿ!"

ಪಂಚರ ಮುಂದೆ ತಾನೇ ಮೂಟೆಗೆ ಕೈಹಾಕಿ ಸ್ಪ್ಯಾನರ್ ತೆಗೆದುಕೊಟ್ಟ. ಅದರ ಬಾಯಿ ನಟ್ಟಿನ ಗೀರಿಗೆ ಸರಿಯಾಗಿ ಕೂತಿತು. ಸಂಜೆ ಐದಕ್ಕೆ ಬಂಧನ. ಇಂಜಿನಿಯರ್ ಹೆಸರು ಆರೋಪಿಗಳ ಪಟ್ಟಿಯಿಂದ ಹೋಯಿತು; ಹಣೆಯ ಗಾಯಕ್ಕೆ ಯಾರೂ ಕ್ಷಮೆ ಕೇಳಲಿಲ್ಲ.

ಜೀಪಿನಲ್ಲಿ ಅವನೇ ಬಾಯಿಬಿಟ್ಟ. ತಮ್ಮ ಬೇಯಿಸಿದ ಮೊದಲ ಬ್ರೆಡ್ಡನ್ನು ಅಣ್ಣ ಪ್ರತಿದಿನ ಕೆಲಸದವರೆಲ್ಲರ ಎದುರು ಬೀದಿಗೆ ಎಸೆಯುತ್ತಿದ್ದನಂತೆ. ಇದನ್ನ ನಾಯೀನೂ ಮೂಸಲ್ಲ ಅನ್ನುತ್ತಿದ್ದನಂತೆ.

"ನಾಯಿ ತಿಂತಿತ್ತು ಸರ್" ಎಂದ ತಮ್ಮ, ಬೇಡಿ ಹಾಕಿದ ಕೈಯಿಂದ ಮೂಗು ಒರೆಸಿಕೊಳ್ಳುತ್ತ. "ದಿನಾ ತಿಂತಿತ್ತು."