ಬಣ್ಣದ ಗಾಜಿನ ಹಿಂದೆ

“ನನ್ನ ಪ್ಯಾಂಟಿನ ಸೊಂಟದಲ್ಲಿ ಎರಡಿಂಚು ಬಟ್ಟೆ ನುಂಗಿದ್ದೀರಿ.”

ಆತ ಪ್ಯಾಂಟನ್ನು ಹೊಲಿಗೆ ಯಂತ್ರದ ಪಕ್ಕದಲ್ಲಿ ಇಟ್ಟ. ಅವಳು ತಲೆಯೆತ್ತಲಿಲ್ಲ. ಹೊಲಿಗೆಯ ಗೆರೆ ಮುಗಿಸಿ, ದಾರ ಕಚ್ಚಿ, ಆಮೇಲೆ ನೋಡಿದಳು. ಮಳೆ ಬರುವಂತೆ ಮೋಡ ಕವಿದ ಹೊತ್ತಿನಲ್ಲಿ, ಅದೂ ಅಂಗಡಿಯ ಒಳಗೆ, ಆತ ಹೊಗೆಬಣ್ಣದ ಕನ್ನಡಕ ಹಾಕಿಕೊಂಡು ನಿಂತಿದ್ದ.

ಈ ಪ್ಯಾಂಟಿನ ಅಳತೆಗೆಂದು ಹಳೆಯದೊಂದನ್ನು ತಂದು ಕೊಟ್ಟಿದ್ದವಳು ಆತನ ಅಕ್ಕ. ಹೊಲಿಗೆಯವಳು ಎರಡನ್ನೂ ಒಂದರ ಮೇಲೊಂದು ಹಾಸಿ ತೋರಿಸಿದಳು. ನೂಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಬಟ್ಟೆ ನುಂಗಿದ್ದು ನಾನಲ್ಲ, ನಿಮ್ಮ ಹೊಟ್ಟೆ.”

ಆತನ ತುಟಿ ನಗೆಗೆ ಅರಳಿತು. ಜಗಳಕ್ಕೆ ಬಂದವನು ಅಷ್ಟು ಬೇಗ ಸೋತದ್ದನ್ನು ಅವಳು ಕಂಡಿರಲಿಲ್ಲ. ಟೇಪು ಹಿಡಿದು ಹೊಸದಾಗಿ ಅಳತೆ ತೆಗೆದಳು. ವಿಚಿತ್ರವಾದ ಮೈಕಟ್ಟು. ಕೊರಳೆಲುಬು ಎದ್ದು ಕಾಣುತ್ತಿದೆ, ತೋಳು ಕಡ್ಡಿಯಂತಿದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ.

“ಮೇಲೆ ಬಡವ, ಕೆಳಗೆ ಸಾಹುಕಾರ,” ಎಂದಳು.

ಆತ ಮತ್ತೆ ನಕ್ಕ. ಆ ನಗು ಅವಳ ಎದೆಯಲ್ಲಿ ಸೂಜಿಯಂತೆ ಚುಚ್ಚಿಕೊಂಡು ಅಲ್ಲೇ ಉಳಿಯಿತು.

ಆತ ಎದುರು ಸಾಲಿನ ಕನ್ನಡಕದ ಅಂಗಡಿಯವನು. ಬೀದಿಯವರೆಲ್ಲ ಅವನನ್ನು ಕನ್ನಡಕದವನು ಎಂದೇ ಕರೆಯುತ್ತಿದ್ದರು.

ಅವಳಿಗೆ ತಿಳಿಯದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಆ ಹೊಟ್ಟೆಯಲ್ಲಿದ್ದದ್ದು ಕೊಬ್ಬಲ್ಲ, ನೀರು.

ದೇವರು ಮನುಷ್ಯನ ಬಲಪಕ್ಕೆಯ ಕೆಳಗೆ ಒಂದು ಅಂಗವನ್ನಿಟ್ಟಿದ್ದಾನೆ. ಹೃದಯದಂತೆ ಅದು ಬಡಿದು ತನ್ನನ್ನು ನೆನಪಿಸುವುದಿಲ್ಲ. ಸದ್ದಿಲ್ಲದೆ ದುಡಿಯುತ್ತದೆ, ಸದ್ದಿಲ್ಲದೆ ಸೋಲುತ್ತದೆ. ಹುಟ್ಟುವಾಗಲೇ ತಾಯಿಯ ರಕ್ತದಿಂದ ಬಂದ ಸೋಂಕು ಅವನ ಯಕೃತ್ತಿನಲ್ಲಿ ವರ್ಷಗಟ್ಟಲೆ ಅಡಗಿ ಕುಳಿತು ಅದನ್ನು ಒಣಗಿದ ತೊಗಲಿನಂತೆ ಮಾಡಿತ್ತು. ತಾಯಿ ಅದರಿಂದಲೇ ಹೋಗಿದ್ದಳು.

ಈಗ ಅವನಿಗೆ ಉಪ್ಪು ವರ್ಜ್ಯ. ನೀರಿಳಿಸುವ ಮಾತ್ರೆ ಬೆಳಗ್ಗೆ. ಅದರ ಜೊತೆಗೆ ಅಂಟಂಟಾದ ಒಂದು ಸಿಹಿ ಔಷಧಿ. ಅದನ್ನು ಕುಡಿದರೆ ಹೊಟ್ಟೆ ಸಡಿಲವಾಗಿ ದಿನಕ್ಕೆ ಮೂರು ನಾಲ್ಕು ಬಾರಿ ಬಚ್ಚಲಿಗೆ ಹೋಗಬೇಕು. ಹೋಗದಿದ್ದರೆ ಕರುಳಿನ ವಿಷ ತಲೆಗೇರುತ್ತದೆ ಎಂದು ವೈದ್ಯೆ ಎಚ್ಚರಿಸಿದ್ದಳು.

ಹಳದಿಗಟ್ಟಿದ ಕಣ್ಣನ್ನು ಅವನು ಬಣ್ಣದ ಗಾಜಿನ ಹಿಂದೆ ಮುಚ್ಚಿದ್ದ. ಊರಿಗೆಲ್ಲ ಕಣ್ಣು ಕಾಣುವಂತೆ ಮಾಡುವವನು ತನ್ನ ಕಣ್ಣನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ.

ಒಲವು ಬೆಳೆದದ್ದು ಸಣ್ಣ ಸಣ್ಣ ನೆಪಗಳಿಂದ. ಅವಳ ಅಮ್ಮನ ಕನ್ನಡಕ ಮೂಗಿನ ಮೇಲೆ ಗಾಯ ಮಾಡುತ್ತಿತ್ತು. ಅವನು ಅದರ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸಿ, ತನ್ನ ಅಂಗೈ ಮೇಲೆ ಒತ್ತಿ ನೋಡಿ, ನೋಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಕೊಟ್ಟ. ಅವನ ಸೊಂಟದ ಹೊಲಿಗೆಯನ್ನು ಅವಳು ಮತ್ತೊಮ್ಮೆ ಸಡಿಲಿಸಿದಳು. ಮಗದೊಮ್ಮೆ ಸಡಿಲಿಸಿದಳು. ಸುಖವಾಗಿದ್ದಾನೆ, ಮೈ ಬರುತ್ತಿದೆ ಎಂದುಕೊಂಡಳು.

ಒಂದು ಮಧ್ಯಾಹ್ನ ಡಬ್ಬಿಯಲ್ಲಿ ಅಡುಗೆ ತಂದಳು. ಅವನು ಮುಚ್ಚಳ ತೆಗೆದು, ಪರಿಮಳ ಹೀರಿ, ಮತ್ತೆ ಮುಚ್ಚಿದ.

‘ನನ್ನ ಕೈಯಡುಗೆ ಇವರಿಗೆ ಹಿಡಿಸುವುದಿಲ್ಲವೇನೋ...’ ಅವಳ ಮುಖ ಬಾಡಿತು.

“ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರಲ್ಲ,” ಎಂದ ಅವನು, “ನನ್ನ ಪಾಲಿಗೆ ಎರಡೂ ಇಲ್ಲ.”

ಅವಳು ಅದನ್ನು ಅಮ್ಮನಿಲ್ಲದವನ ಮಾತು ಎಂದಷ್ಟೇ ತಿಳಿದಳು. ಅವನ ದುಃಖಕ್ಕೆ ಜೊತೆಯಾಗಲೆಂದು ತನ್ನ ಅಪ್ಪನ ಕಥೆ ಹೇಳಿದಳು. ಅಪ್ಪ ಕುಡುಕ. ತೂರಾಡುತ್ತ ಬರುತ್ತಿದ್ದ, ನಾಲಿಗೆ ಹೊರಳುತ್ತಿರಲಿಲ್ಲ. ಅವಳಿನ್ನೂ ಚಿಕ್ಕವಳಿದ್ದಾಗ ರಕ್ತ ಕಾರಿ ಸತ್ತ. ಲಿವರ್ ಹೋಗಿತ್ತು ಅಂದರು. ಲಿವರ್ ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ಅಮ್ಮ ಎದ್ದು ಒಳಗೆ ಹೋಗುತ್ತಾಳೆ.

“ಕುಡಿಯೋರ ನೆರಳೂ ನನಗೆ ಬೇಡ,” ಎಂದಳು.

ಅಂದು ತನ್ನ ಕಾಯಿಲೆಯನ್ನು ಹೇಳಿಬಿಡಬೇಕೆಂದು ಅವನು ಬೆಳಗ್ಗಿನಿಂದ ಮಾತು ಕೂಡಿಸಿಟ್ಟುಕೊಂಡಿದ್ದ. ಅಷ್ಟನ್ನೂ ನುಂಗಿಕೊಂಡ. ಲಿವರ್ ಎಂದರೆ ಜನ ಮೊದಲು ಕೇಳುವುದೇ ಎಷ್ಟು ಕುಡಿಯುತ್ತಿದ್ದೆ ಎಂದು. ಇವಳಂತೂ ಕೇಳುವುದೂ ಇಲ್ಲ, ಎದ್ದು ಹೋಗುತ್ತಾಳೆ.

ಆದರೂ ಆಸೆ ಅವನನ್ನು ಬಿಡಲಿಲ್ಲ. ಮದುವೆಯಾಗುತ್ತೀರಾ ಎಂದು ಕೇಳಿದ. ಅವಳು ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಕೊನೆಗೆ ಅಮ್ಮನನ್ನು ಬಂದು ಕೇಳಿ ಎಂದಳು. ರಜೆಯ ದಿನ ನಿಶ್ಚಯವಾಯಿತು.

ಆ ಭೇಟಿಯ ಭಯದಲ್ಲೇ ಅವನು ಎಡವಿದ. ಸಿಹಿ ಔಷಧಿ ಕುಡಿದು ಹೋದರೆ, ಕುಳಿತ ಅರ್ಧ ಗಂಟೆಯಲ್ಲಿ ಬಚ್ಚಲು ಎಲ್ಲಿ ಎಂದು ಕೇಳಬೇಕಾಗುತ್ತದೆ. ಮತ್ತೆ ಕೇಳಬೇಕಾಗುತ್ತದೆ. ಅತ್ತೆಯಾಗಲಿರುವವಳ ಮುಂದೆ ಇದೆಂಥ ಮರ್ಯಾದೆ? ಹೊಟ್ಟೆ ಹತೋಟಿಗೆ ಬರಲಿ ಎಂದು ಕೆಲವು ದಿನ ಮೊದಲೇ ಔಷಧಿ ನಿಲ್ಲಿಸಿದ. ಅಕ್ಕ ವಿಚಾರಿಸಿದಾಗ ಕುಡಿದೆ ಎಂದು ಸುಳ್ಳು ಹೇಳಿದ.

ವಿಷ ಮೆಲ್ಲಗೆ ಏರಿತು. ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿ ಗಿರಾಕಿಯಿಂದ ಬೈಸಿಕೊಂಡ. ಹಗಲು ತೂಕಡಿಕೆ, ರಾತ್ರಿ ಎಚ್ಚರ. ಮದುವೆಯ ಗುಂಗು ಎಂದು ಪಕ್ಕದ ಅಂಗಡಿಯವರು ಹಾಸ್ಯ ಮಾಡಿದರು.

ಅವಳು ಆ ದಿನ ನೆಲ ಒರೆಸಿ, ಕಿಟಕಿಗೆ ಹೊಸ ಪರದೆ ಕಟ್ಟಿ ಕಾದಿದ್ದಳು. ಅವನು ತಡವಾಗಿ ಬಂದ. ಅಂಗಿಯ ಗುಂಡಿಗಳು ಒಂದು ಮೇಲೆ ಒಂದು ಕೆಳಗೆ. ಹೊಸ್ತಿಲು ದಾಟುವಾಗ ಗೋಡೆ ಹಿಡಿದ.

ಅಮ್ಮ ಕೆಲಸ ಕಾರ್ಯ ವಿಚಾರಿಸಿದಳು. ಅವನು ಬಹಳ ಹೊತ್ತು ಅಮ್ಮನ ಮುಖವನ್ನೇ ನೋಡಿ, ತೊದಲುತ್ತ ಹೇಳಿದ. “ಗಾಜು... ಬಂದಿಲ್ಲ. ನಾಳೆ ಬನ್ನಿ.”

ಅವಳು ಗಾಬರಿಯಿಂದ ನೀರು ಕೊಟ್ಟಳು. ಲೋಟ ಅವನ ಕೈಯಲ್ಲಿ ನಿಲ್ಲದೆ ಉರುಳಿತು. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ಸಿಹಿ ವಾಸನೆ.

“ಕುಡಿದು ಬಂದಿದ್ದಾನೆ,” ಎಂದಳು ಅಮ್ಮ, ದನಿ ಏರಿಸದೆ. “ಈ ನಡಿಗೆ ನನಗೆ ಹೊಸದಲ್ಲ.”

ಅವಳು ಅವನ ಕಡೆ ತಿರುಗಿದಳು. “ಹೌದಾ? ಕುಡಿದಿದ್ದೀರಾ?”

ಅವನು ಅಲ್ಲ ಎನ್ನಲು ತೋಳು ಮುಂದೆ ಚಾಚಿ ಅಂಗೈ ಎತ್ತಿದ. ಅಂಗೈ ನಿಲ್ಲಲಿಲ್ಲ. ಮಣಿಕಟ್ಟಿನಿಂದ ಜಾರಿ ಬಿತ್ತು, ಎದ್ದಿತು, ಮತ್ತೆ ಬಿತ್ತು. ಅಂಗಳದ ಕೋಳಿಯನ್ನು ಓಡಿಸುವವರ ಹಾಗೆ.

‘ನನಗೇ ಹೋಗು ಅಂತಿದ್ದಾರೆ...’

ಅವಳು ಅವನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದಳು. ಅವನು ಮೆಟ್ಟಿಲ ಮೇಲೆ ಕುಳಿತದ್ದು ಕಿಟಕಿಯಿಂದ ಕಾಣಿಸಿತು. ಬಹಳ ಹೊತ್ತಿನ ಮೇಲೆ ಅಕ್ಕ ಹುಡುಕಿಕೊಂಡು ಬಂದು, ತೋಳು ಹಿಡಿದೆಬ್ಬಿಸಿ ಕರೆದೊಯ್ದಳು. ಹೊಲಿಗೆಯವಳು ಆಗಲೂ ಬಾಗಿಲು ತೆಗೆಯಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಒಮ್ಮೆ ಸುಟ್ಟುಕೊಂಡ ಮನೆಯವರಿಗೆ ಹೊಗೆ ಕಂಡರೆ ಸಾಕು.

ಮರುದಿನ ಕನ್ನಡಕದ ಅಂಗಡಿ ತೆರೆಯಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಆ ಕಡೆ ಬೆನ್ನು ಮಾಡಿ ಯಂತ್ರವನ್ನು ತಿರುಗಿಸಿಟ್ಟುಕೊಂಡಳು. ಬೆನ್ನಿಗೂ ಕಣ್ಣಿರುತ್ತದೆ ಎಂಬುದು ಆಗ ಅವಳಿಗೆ ತಿಳಿಯಿತು.

ವಾರ ಕಳೆದು ಅಕ್ಕ ಬಂದಳು. ಮುಖ ಬತ್ತಿತ್ತು. ಕೂರಲು ಹೇಳುವ ಮೊದಲೇ ಹೊಲಿಗೆಯವಳು, ನಿಮ್ಮ ತಮ್ಮ ಕುಡಿದು ನಮ್ಮ ಮನೆಗೆ ಬಂದಿದ್ದರು ಎಂದಳು.

ಅಕ್ಕ ಸ್ಟೂಲಿನ ಮೇಲೆ ಕುಸಿದಳು.

“ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ ತಾಯಿ, ನನ್ನ ತಮ್ಮ.”

ಮಿಕ್ಕದ್ದನ್ನು ಅಕ್ಕ ತುಂಡು ತುಂಡಾಗಿ ಹೇಳಿದಳು. ಅಂದಿನಿಂದ ಆಸ್ಪತ್ರೆಯಲ್ಲಿದ್ದಾನೆ, ಹೆಸರು ಹಿಡಿದು ಕರೆದರೂ ಓಗೊಡುತ್ತಿರಲಿಲ್ಲ, ನಿನ್ನೆಯಷ್ಟೇ ಕಣ್ಣು ಬಿಟ್ಟಿದ್ದಾನೆ. ಔಷಧಿಯ ಬಾಟಲಿ ಮನೆಯಲ್ಲಿ ತುಂಬಿದ್ದು ತುಂಬಿದಂತೆಯೇ ಇತ್ತು.

“ಯಾಕೋ ಬಿಟ್ಟೆ ಅಂದರೆ, ಅವರ ಮನೇಲಿ ಬಚ್ಚಲು ಎಲ್ಲಿ ಅಂತ ಕೇಳೋಕೆ ನಾಚಿಕೆಯಾಯ್ತು ಅಂತಾನೆ.” ಅಕ್ಕ ನಗಲು ಹೋಗಿ ಅತ್ತಳು. “ಇದಕ್ಕೆ ಯಾರಾದರೂ ಜೀವ ಕೊಡ್ತಾರೇನಮ್ಮ?”

ಅವಳು ಅಂಗಡಿ ಮುಚ್ಚಲೂ ಮರೆತು ಹೊರಟಳು.

ವಾರ್ಡಿನ ಬಾಗಿಲಲ್ಲಿ ಅವಳ ಕಾಲು ನಿಂತಿತು. ವೈದ್ಯೆ ಹಾಸಿಗೆಯ ಪಕ್ಕ ನಿಂತು, “ಬಸ್ಸು ನಿಲ್ಲಿಸುವವರ ಹಾಗೆ ಎರಡೂ ಕೈ ಚಾಚಿ,” ಎನ್ನುತ್ತಿದ್ದಳು. ಅವನು ಚಾಚಿದ. ಅಂಗೈಗಳು ಜಾರಿ ಬಿದ್ದವು, ಎದ್ದವು, ಮತ್ತೆ ಬಿದ್ದವು.

ಅದೇ ಕೈ. ಅದೇ ಆಟ.

‘ಅಯ್ಯೋ ದೇವರೇ... ಹೋಗು ಅನ್ನಲಿಲ್ಲ ಇವರು. ಆ ಕೈ ಇವರ ಮಾತೇ ಕೇಳುತ್ತಿರಲಿಲ್ಲ...’

ವೈದ್ಯೆ ಹೊರಗೆ ಬಂದು ಅವಳಿಗೆ ವಿವರಿಸಿದಳು. ಯಕೃತ್ತು ತಡೆಯಬೇಕಾದ ವಿಷ ಮಿದುಳಿಗೆ ಹೋದಾಗ ಮಾತು ತೊದಲುತ್ತದೆ, ನಡೆ ತಪ್ಪುತ್ತದೆ, ಉಸಿರು ಸಿಹಿಯಾಗಿ ನಾರುತ್ತದೆ, ನೋಡಿದವರು ಕುಡಿದಿದ್ದಾರೆ ಎನ್ನುತ್ತಾರೆ. ಇದು ಮತ್ತೆ ಬರಬಹುದು. ಹೊಟ್ಟೆಯ ನೀರಿಗೆ ಸೋಂಕು ತಗಲಬಹುದು, ಅನ್ನನಾಳದ ಉಬ್ಬಿದ ರಕ್ತನಾಳ ಒಡೆಯಬಹುದು. ಬೇರೆ ಯಕೃತ್ತು ಜೋಡಿಸುವುದೊಂದೇ ಶಾಶ್ವತವಾದ ದಾರಿ. ಅದು ಸಿಗುವ ತನಕ ಎಚ್ಚರದಿಂದ ಕಾಯಬೇಕು. ಎಷ್ಟು ಕಾಲ ಎಂದು ಅವಳು ಕೇಳಿದಳು. ವೈದ್ಯೆ ಅವಳ ಭುಜ ಮುಟ್ಟಿ ಮುಂದಿನ ಹಾಸಿಗೆಗೆ ಹೋದಳು.

ಅವನ ಮುಖದ ಮೇಲೆ ಕನ್ನಡಕವಿರಲಿಲ್ಲ. ಅವನ ಕಣ್ಣನ್ನು ಅವಳು ನೋಡಿದ್ದು ಅದೇ ಮೊದಲು. ಬಿಳಿ ಇರಬೇಕಾದಲ್ಲೆಲ್ಲ ಹಳದಿ. ಆ ಹಳದಿಯ ನಡುವೆ, ತನ್ನನ್ನು ಕಂಡು ಬೆಳಗಿದ ಎರಡು ಕಪ್ಪು ಗುಡ್ಡೆಗಳು.

“ನಾನು ನಿಮ್ಮ ಮನೆಗೆ ಬಂದಿದ್ದೆನಂತೆ,” ಎಂದ ಅವನು ಸಣ್ಣ ದನಿಯಲ್ಲಿ. “ನನಗೆ ನೆನಪೇ ಇಲ್ಲ. ನಿಮ್ಮಮ್ಮ ಏನಂದರು?”

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ.

“ಕುಡಿದಿದ್ದೀರಿ ಅಂದರು. ನಾನೂ ನಂಬಿದೆ. ನಿಮ್ಮನ್ನ ಹೊರಗೆ ಕೂರಿಸಿ ಬಾಗಿಲು ಹಾಕಿದೆ.”

ಅವನು ಚಾವಣಿಯ ಕಡೆ ನೋಡಿದ. “ತಪ್ಪು ನಿಮ್ಮದಲ್ಲ. ಹೇಳದೆ ಬಂದವನು ನಾನು. ಲಿವರ್ ಅಂದರೆ ನಿಮಗೆ ನಿಮ್ಮಪ್ಪ ಕಾಣಿಸ್ತಾರೆ, ನಾನು ಕಾಣಿಸಲ್ಲ ಅಂತ ಹೆದರಿದೆ.”

ಆಮೇಲೆ ಮುಖ ತಿರುಗಿಸಿದ. ತನ್ನನ್ನು ಮರೆತುಬಿಡಬೇಕೆಂದ. ಮುಳುಗುವ ದೋಣಿಗೆ ಕರೆದು ಹತ್ತಿಸಿಕೊಳ್ಳುವಷ್ಟು ಪಾಪಿ ತಾನಲ್ಲ ಎಂದ. ಅವಳು ಹಾಸಿಗೆಯ ಹತ್ತಿರ ಬಂದಳು. ಟೇಪು ತೆಗೆದು, ಹೊದಿಕೆಯ ಮೇಲಿಂದಲೇ ಅವನ ಹೊಟ್ಟೆಯ ಅಳತೆ ತೆಗೆದುಕೊಂಡು ಹೊರಟುಹೋದಳು.

ಅವಳು ಹೋದ ಮೇಲೆ ಅವನು ಗೋಡೆಯ ಕಡೆ ಹೊರಳಿ, ಸದ್ದಾಗದಂತೆ ಅತ್ತ. ಇನ್ನು ಬರುವುದಿಲ್ಲ ಎಂದೇ ತಿಳಿದ.

ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಈ ಸಲ ಎದ್ದು ಒಳಗೆ ಹೋಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು.

“ಕೊನೇ ದಿನಗಳಲ್ಲಿ ನಿಮ್ಮಪ್ಪನ ಕೈಯೂ ಹಾಗೇ ಆಡ್ತಿತ್ತು. ಕುಡಿಯೋದು ಬಿಟ್ಟು ತಿಂಗಳಾಯ್ತು ಕಣೇ ಅಂತಿದ್ದರು. ನಾನು ನಂಬಲಿಲ್ಲ.”

ದೇವರ ಮುಂದಿನ ದೀಪ ಎಣ್ಣೆ ತೀರಿ ಸಣ್ಣದಾಗಿತ್ತು. ಅಮ್ಮ ಎದ್ದು ಎಣ್ಣೆ ಹಾಕಿ, ಅಲ್ಲೇ ಬಹಳ ಹೊತ್ತು ಕಣ್ಮುಚ್ಚಿ ನಿಂತಳು. ಯಾರ ಕ್ಷಮೆ ಕೇಳಿದಳೋ ಅವಳಿಗೂ ಆ ದೇವರಿಗೂ ಮಾತ್ರ ಗೊತ್ತು.

ಆಮೇಲೆ ತಿರುಗದೆಯೇ ಹೇಳಿದಳು. “ಉಪ್ಪಿಲ್ಲದೆ ಬಾಯಿಗೆ ಹಿತವಾಗೋ ಹಾಗೆ ಅಡುಗೆ ಹೇಗೆ ಮಾಡೋದು ಅಂತ ಅವರಕ್ಕನ್ನ ಕೇಳ್ಕೊಂಡು ಬಾ.”

ಮಗಳು ಅಮ್ಮನ ಬೆನ್ನಿಗೆ ಹಣೆಯಿಟ್ಟು ನಿಂತಳು.

ಅವನನ್ನು ಮನೆಗೆ ಕಳಿಸುವ ದಿನ ಅವಳು ವಾರ್ಡಿಗೆ ಬಂದಳು. ಕೈಯಲ್ಲಿ ಹೊಸ ಪ್ಯಾಂಟು. ಅವನು ಅದನ್ನು ಬಿಡಿಸಿದ. ಸೊಂಟಕ್ಕೆ ಗುಂಡಿಯಿರಲಿಲ್ಲ, ಕೊಕ್ಕೆಯಿರಲಿಲ್ಲ. ಒಳಮಡಿಕೆಯಲ್ಲಿ ಮೆತ್ತಗಿನ ಲಾಡಿಯೊಂದನ್ನು ಪೋಣಿಸಿದ್ದಳು.

“ಇದೇನು?”

“ನೀರು ಏರಿದ ದಿನ ಸಡಿಲ ಮಾಡಿ, ಇಳಿದ ದಿನ ಬಿಗಿ ಮಾಡಿ. ಬಟ್ಟೆ ನುಂಗಿದಿರಿ ಅಂತ ಇನ್ನು ಜಗಳಕ್ಕೆ ಬರಬೇಕಾಗಿಲ್ಲ.”

“ಹಾಗಾದರೆ ನಿಮ್ಮ ಅಂಗಡಿಗೆ ಬರೋಕೆ ನನಗೆ ನೆಪವೇ ಇಲ್ಲ.”

“ಮನೆಗೆ ಬನ್ನಿ. ಬಂದ ತಕ್ಷಣ ಅಮ್ಮ ನಿಮಗೆ ಮೊದಲು ಬಚ್ಚಲು ತೋರಿಸ್ತಾರಂತೆ. ಆಮೇಲೆ ಮಾತುಕತೆ.”

ಅವನು ನಕ್ಕ. ನಗುತ್ತಲೇ ಕಣ್ಣು ತುಂಬಿತು. “ಹೊಲಿಗೆಯವರೇ, ನಾನು ಎಷ್ಟು ದಿನ ಇರ್ತೀನೋ ಗೊತ್ತಿಲ್ಲ.”

“ಅಳತೆ ನನ್ನ ಕಸುಬು,” ಎಂದಳು ಅವಳು. “ಈ ಒಂದು ಅಳತೆ ಮಾತ್ರ ನನ್ನದಲ್ಲ, ದೇವರದು. ಔಷಧಿ ಮಾತ್ರ ನನ್ನ ಕಣ್ಣೆದುರೇ ಕುಡೀಬೇಕು.”

ಅಕ್ಕ ಔಷಧಿ ತರುವ ನೆಪ ಮಾಡಿ ಹೊರಗೆ ಹೋದಳು. ಕಿಟಕಿಯ ಹೊರಗೆ ಬೂದು ಬಣ್ಣದ ಮಧ್ಯಾಹ್ನ. ಪಕ್ಕದ ಹಾಸಿಗೆ ಬೆಳಗ್ಗೆಯೇ ಖಾಲಿಯಾಗಿತ್ತು. ಅಲ್ಲಿದ್ದವರು ಎಲ್ಲಿಗೆ ಹೋದರೆಂದು ಇಬ್ಬರೂ ಕೇಳಲಿಲ್ಲ.

“ಎಲ್ಲಿ, ಕೈ ಚಾಚಿ.”

ಅವನು ಬಲಗೈ ಚಾಚಿ ಅಂಗೈ ಎತ್ತಿದ. ಅದು ಕೊಂಚ ಅಲುಗಿತು, ಜಾರುವಂತಾಯಿತು. ಅವಳು ತನ್ನ ಅಂಗೈಯನ್ನು ಅದಕ್ಕೆ ಒತ್ತಿ ಹಿಡಿದಳು. ಕೈ ನಿಂತಿತು.

“ಆವತ್ತು ಈ ಕೈ ನನಗೆ ಹೋಗು ಅಂದ ಹಾಗಿತ್ತು.”

“ಇವತ್ತು?”

“ಇರು ಅಂತಿದೆ.”

“ಇರ್ತೀರಾ?”

ಅವಳು ಬೆರಳುಗಳನ್ನು ಅವನ ಬೆರಳುಗಳ ನಡುವೆ ಹೆಣೆದಳು.

“ಇದ್ದೀನಲ್ಲ.”